ಮೀಸೆ ಪಣಕ್ಕಿಟ್ಟು ತಮಿಳು ಪಿಕ್ಚರ್‌ನಲ್ಲಿ ಸತ್ತಿದ್ದು

ಪಿಕ್ಚರ್‌ನೋರು ಕಾಲಿಟ್ಟ ಊರಲ್ಲಿ ಏನಾದ್ರೂ ಎಡವಟ್ಟು ಆಗ್ತಾನೇ ಇರುತ್ತೆ. ಅಲ್ಲಿ ನಾನೂ ಇದ್ರೆ ದಿನಕ್ಕೆರಡು. ಗುಬ್ಬಿ ಹತ್ತಿರ ನಮ್ಮೂರಿನ ತೆಂಗಿನ ತೋಟಕ್ಕೆ ತಮಿಳು ಸಿನಿಮಾದವರು ಬಂದಿದ್ದರು. ಅಣ್ಣನನ್ನು ಕೊಂದವನನ್ನು ಹುಡುಕಿಕೊಂಡು ಹೀರೋ ಕಾಡು, ಹೊಳೆ, ಬೆಟ್ಟ ದಾಟಿ ಬಂದು ಸೇಡು ತೀರಿಸಿಕೊಳ್ಳೋ ಕಥೆ. ರೌಡಿಗಳು ಬೇಕು ಅಂದರು. ನನ್ನ ಮೈಕಟ್ಟು, ಮೀಸೆ ನೋಡಿ ಫೈಟ್ ಮಾಸ್ಟರ್ ಮೊದಲು ಬೆರಳು ತೋರಿಸಿದ್ದೇ ನನಗೆ. ವಸಂತನರಸಾಪುರದ ಫ್ಯಾಕ್ಟರಿಗೆ ಮೂರು ದಿನ ರಜೆ ಹಾಕಿದೆ.

ಕುಣಿಗಲ್‌ನಿಂದ ಬಂದಿದ್ದ ಬಾವ, ಅಂದ್ರೆ ನಮ್ಮಕ್ಕನ ಗಂಡ, ಕಿಸಕ್ಕನೆ ನಕ್ಕರು. "ಅಷ್ಟು ಜನದಲ್ಲಿ ನಿನ್ ಮುಖ ಯಾವನ್ಲಾ ನೋಡ್ತಾನೆ?"

"ಬಾವ, ನನ್ನ ಮುಖ ಪರದೆ ಮೇಲೆ ಬರ್ಲಿಲ್ಲ ಅಂದ್ರೆ ಥಿಯೇಟರ್ ಮುಂದೇನೇ ಮೀಸೆ ಬೋಳಿಸ್ಕತೀನಿ!"

ಅಂದುಬಿಟ್ಟೆ. ಊರೆಲ್ಲ ಕೇಳಿಸ್ಕೊಂಡಿತ್ತು.

೧. ಬೀಳದ ರೌಡಿ

ಹೀರೋ ನನ್ನ ಭುಜಕ್ಕೆ ಬರ್ತಾನೆ, ಅಷ್ಟೇ. ಗಾಳಿಯಲ್ಲಿ ಕೈ ಬೀಸಿದ. ನಾನು ಕಂಬದ ಥರ ನಿಂತಿದ್ದೆ.

"ಕಟ್! ಯಾಕಯ್ಯಾ ಬೀಳಲಿಲ್ಲ?" ಅಂದ ಮಾಸ್ಟರ್.

"ಏಟೇ ಬಿದ್ದಿಲ್ವಲ್ಲ ಸಾರ್!"

ಮೂರು ಸಲ ಹಿಂಗೇ ಆಯ್ತು. ನಾಲ್ಕನೇ ಸಲ ರೋಸಿಹೋಗಿ ಎಗರಿದೆ ನೋಡಿ, ಕಾಯಿ ರಾಶಿ ದಾಟಿ ಆಚೆ ಕಾಲುವೆಗೆ ಬಿದ್ದೆ. ಕ್ಯಾಮೆರಾಕ್ಕೆ ಸಿಕ್ಕಿದ್ದು ನನ್ನ ಎರಡು ಅಂಗಾಲು.

೨. ಕಾಲಿಗೆ ಬಿದ್ದ ವಿಲನ್

ಕೊನೇ ಸೀನಲ್ಲಿ ಹೀರೋ ತಾಯಿ ಪಾತ್ರಕ್ಕೆ ನಮ್ಮಜ್ಜಿ ಬೇಕು ಅಂದ ಡೈರೆಕ್ಟರ್. ಹಣೆ ತುಂಬ ವಿಭೂತಿ ಹಚ್ಚಿದ ಆ ಮುಖ ಅವನಿಗೆ ಹಿಡಿಸಿಬಿಟ್ಟಿತ್ತು. ಸೀನ್ ಇಷ್ಟೇ: ರೌಡಿಗಳೆಲ್ಲ ಹೆಣವಾಗಿ ಬಿದ್ದಿರ್ತೀವಿ. ವಿಲನ್ ಬಂದು, ತಾನು ಕೊಂದವನ ತಾಯಿಯ ಕಾಲಿಗೆ ಬೀಳ್ತಾನೆ. ತಾಯಿ ಮುಖ ತಿರುಗಿಸಿ ಹೋಗಬೇಕು.

ವಿಲನ್ ಬಿದ್ದ. ಅಜ್ಜಿ ಅವನ ತಲೆ ಮೇಲೆ ಕೈಯಿಟ್ಟು, "ಏಳಪ್ಪ, ನೂರ್ಕಾಲ ಚೆನ್ನಾಗಿ ಬಾಳು" ಅಂತು.

"ಕಟ್! ಅಜ್ಜೀ, ಅವನು ನಿಮ್ಮ ಮಗನನ್ನ ಕೊಂದಿದಾನೆ!"

"ಅಯ್ಯೋ ಪಾಪಿ!" ಅಂತ ಅಜ್ಜಿ ಅವನನ್ನ ದುರುಗುಟ್ಟಿ ನೋಡ್ತು. ಮತ್ತೆ ಬಿದ್ದ. ಮತ್ತೆ ಹರಸ್ತು.

"ಗೊತ್ತು ಕಣಪ್ಪ, ಕೊಂದವ್ನೆ. ಆದ್ರೆ ಕಾಲಿಗ್ ಬಿದ್ದೋರ್ನ ಹರಸ್ದೆ ಹೆಂಗ್ ಬುಡಾದು?"

ಮೂರನೇ ಸಲ ಸೊಂಟದ ಚೀಲದಿಂದ ವಿಭೂತಿ ತೆಗೆದು ಅವನ ಹಣೆಗೇ ಹಚ್ಚಿತು. ವಿಲನ್ ನಿಜವಾಗ್ಲೂ ಅತ್ತುಬಿಟ್ಟ. ಡೈರೆಕ್ಟರ್ ಕಟ್ ಅನ್ನೋದನ್ನೇ ಮರೆತ. ಅಷ್ಟರಲ್ಲಿ ಕೆಂಪು ಬಣ್ಣ ಬಳಿದುಕೊಂಡು ಬಿದ್ದಿದ್ದ ನಾನು ಅಜ್ಜಿ ಕಣ್ಣಿಗೆ ಬಿದ್ದೆ. "ಅಯ್ಯೋ ಕಂದ, ರಕ್ತ!" ಅಂತ ನನ್ನ ತಲೆ ತೊಡೆ ಮೇಲಿಟ್ಟುಕೊಂಡು, ಸೆರಗಲ್ಲಿ ಒರೆಸೋಕೆ ಶುರು ಮಾಡ್ತು.

ನಾನು ಮೆಲ್ಲಗೆ, "ಸುಮ್ನಿರಜ್ಜಿ, ನಾನು ಸತ್ತೋಗಿದೀನಿ" ಅಂದೆ.

"ಸತ್ತಿದ್ರೆ ಮಾತಾಡ್ತಿರೋನು ಯಾವನ್ಲಾ?"

೩. ಥಿಯೇಟರ್ ಮುಂದೆ

ಪಿಕ್ಚರ್ ತುಮಕೂರಿಗೆ ಬಂತು. ಎರಡು ಟೆಂಪೋದಲ್ಲಿ ಊರೇ ಬಂತು. ಬಾವ ಕುಣಿಗಲ್‌ನಿಂದ ಜೇಬಲ್ಲಿ ರೇಜರ್ ತಂದಿದ್ದರು.

ಫೈಟಲ್ಲಿ ನನ್ನ ಅಂಗಾಲು ಬಂತು. ಬಾವ ರೇಜರ್ ತೋರಿಸಿದರು. ಕೊನೆಗೆ ಅಜ್ಜಿ ಬಂತು! ಡೈರೆಕ್ಟರ್ ಕಥೆಯನ್ನೇ ಬದಲಾಯಿಸಿದ್ದ. ತಾಯಿ ಹರಸಿದ್ದು ನೋಡಿ ಹೀರೋ ಮಚ್ಚು ಬಿಸಾಕಿ, ವಿಲನ್‌ನ ಸುಮ್ಮನೆ ಬಿಟ್ಟ. ಥಿಯೇಟರೆಲ್ಲ ಗೊಳೋ ಅಂತು. ಆಮೇಲೆ ಅಜ್ಜಿ ತೊಡೆ ಮೇಲೆ ನಾನು! "ನೋಡ್ರಲೇ!" ಅಂತ ಸೀಟು ಬಿಟ್ಟೆದ್ದೆ. ಅಷ್ಟೊತ್ತಿಗೆ ಸೆರಗು ಬಂತು. ಹಣೆ, ಕಣ್ಣು, ಮೂಗು, ಎಲ್ಲಾ ಒಳಗೆ. ಹೊರಗೆ ಉಳಿದಿದ್ದು ಪರದೆ ತುಂಬ ಮೀಸೆ ಒಂದೇ.

ಆಚೆ ಬಂದ್ರೆ ಜನ ಅಜ್ಜಿ ಜೊತೆ ಸೆಲ್ಫಿಗೆ ಮುಗಿಬಿದ್ದಿದ್ರು. ಬಾವ ರೇಜರ್ ಬಿಚ್ಚಿ, "ಮುಖ ಬರ್ಲಿಲ್ಲ. ಬಾರ್ಲಾ" ಅಂದರು. ಊರೆಲ್ಲ ಸುತ್ತ ನಿಂತಿತ್ತು. ಹೀರೋ ಏಟಿಗೂ ಬೀಳದ ಗಂಡು ನಾನು, ಬಾವನ ಕಾಲಿಗೆ ದಬಕ್ಕನೆ ಬಿದ್ದೆ.

ಬಾವನ ಬಲಗೈಲಿ ರೇಜರ್. ಎಡಗೈ ತಾನಾಗೇ ನನ್ನ ತಲೆ ಮೇಲೆ ಬಂತು. "ಒಳ್ಳೇದಾಗ್ಲಿ ಏಳಪ್ಪ" ಅಂದುಬಿಟ್ಟು, "ಥೂ, ಹರಸ್ಬಿಟ್ನಲ್ಲ!" ಅಂತ ನಾಲಿಗೆ ಕಚ್ಚಿಕೊಂಡರು.

ಎದ್ದು, ಮೀಸೆ ತಿರುವಿ ಕೇಳಿದೆ: "ಈ ಟೇಕ್ ಓಕೆನಾ ಬಾವ?"