ಸರಕಾರ ಒಪ್ಪಿದ ಕುಡುಕ

ನಮ್ಮ ಕಾಕಾ ಕುಡುಕರಾಗಿದ್ದರು. ಇದು ನಾನು ಹೇಳುವ ಮಾತಲ್ಲ, ಓಣಿಯವರು ಆಡಿಕೊಂಡ ಮಾತೂ ಅಲ್ಲ. ಸರಕಾರವೇ ಸಹಿ ಮಾಡಿ, ಶಿಕ್ಕಾ ಒತ್ತಿ ಹೇಳಿದ ಮಾತು! ಇಡೀ ಗಜೇಂದ್ರಗಡದಲ್ಲಿ ಶಿಕ್ಕಾ ಇದ್ದ ಕುಡುಕರೆಂದರೆ ಅವರೊಬ್ಬರೇ, ಉಳಿದವರೆಲ್ಲ ಖಾಸಗಿ. ಅಷ್ಟಕ್ಕೂ ಅವರು ಕುಡಿಯುತ್ತಿದ್ದುದು ಎಷ್ಟು ಅಂತೀರಿ? ಅಮಾವಾಸ್ಯೆಯ ಸಂಜೆ ಒಂದೇ ಒಂದು ಗ್ಲಾಸು ಜಿನ್ನು. ಅದರಲ್ಲೂ ಮುಕ್ಕಾಲು ಪಾಲು ಸೋಡಾ.

ಅಮಾವಾಸ್ಯೆಯೇ ಏಕೆಂದರೆ, ಅಂದು ನೇಕಾರರ ಮಗ್ಗಕ್ಕೆ ರಜೆ. ಓಣಿಯಲ್ಲಿ ಲಾಳಿಯ ಸದ್ದು ನಿಂತು, ಮನೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಹೋಳಿಗೆಯ ಜೊತೆಗೆ ಇದೊಂದು ಹೆಚ್ಚಿನ ಪೂಜೆ. ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ನನಗೆ ತಿಳಿವಳಿಕೆ ಬರುವ ಮೊದಲೇ ಅಪ್ಪ ಅವ್ವ ಇಬ್ಬರೂ ಬೇನೆ ಬಿದ್ದು ಹೋದರು. ಮಕ್ಕಳಿಲ್ಲದ ಕಾಕಾ ಮತ್ತು ಚಿಗವ್ವ ನನ್ನನ್ನು ಸಾಕಿದರು. ಕಾಕಾ ನನ್ನನ್ನು "ತಂಗಿ" ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಎಲ್ಲ ಹುಡುಗಿಯರನ್ನೂ ಹಿರಿಯರು ಕರೆಯುವುದು ಹಾಗೇ.

ನೇಯ್ಗೆ ಬಿಟ್ಟು ಅವರು ಊರು ದಾಟಿದ್ದು ಒಂದೇ ಸಲ, ದೊಡ್ಡ ಲಡಾಯಿಯ ಕಾಲದಲ್ಲಿ. ಪುಣೆಯಲ್ಲಿ ದಂಡಿನ ಸಾಹೇಬರ ಊಟದ ಮನೆಗೆ ಗ್ಲಾಸು ತೊಳೆಯಲು ಸೇರಿದವರು, ಸಾಹೇಬರಿಗೆ ಜಿನ್ನು ಬೆರೆಸಿ ಕೊಡುವ ತನಕ ಮೇಲೇರಿದರು. ಲಡಾಯಿ ಮುಗಿದಾಗ ಉಳಿದವರು ಮೆಡಲು ತಂದರು. ನಮ್ಮ ಕಾಕಾ ಒಂದು ಮೂಗು ತಂದರು! ಅಂಥ ಮೂಗಿನ ಉಪಯೋಗ ಗಜೇಂದ್ರಗಡದಲ್ಲಿ ಏನಿತ್ತೋ ದೇವರಿಗೇ ಗೊತ್ತು.

"ಬಾಟಲಿ ಬಾಯಿಗೆ ಮೂಗು ಹಚ್ಚಬಾರದು ತಂಗಿ," ಎಂದು ಅವರ ಪಾಠ ಶುರುವಾಗುತ್ತಿತ್ತು. "ಅದು ಅಡ್ನಾಡಿ ಮಂದಿ ಕೆಲಸ. ಒಂದು ಹನಿ ಅಂಗೈಗೆ ಹಾಕ್ಕೋಬೇಕು, ಎರಡೂ ಕೈ ತಿಕ್ಕಬೇಕು, ಖಾರ ಹಾರಿಹೋಗೂತನಾ ತಡೀಬೇಕು. ಆಮ್ಯಾಲೆ ಮೂಸಬೇಕು. ಮದಲ ರಾಳದಂಗ ಬರಬೇಕು, ಅದು ಥಂಡಿ ಗುಡ್ಡದಾಗ ಬೆಳೆಯೂ ಒಂದು ಕರೀ ಕಾಯಿ ವಾಸನಿ. ಅದರ ಹಿಂದ ಕೊತ್ತಂಬರಿ ಕಾಳು. ಅದರ ಹಿಂದ ಲಿಂಬಿ ಸಿಪ್ಪಿ. ಮೂರೂ ಪಾಳಿ ಹಿಡದು ಬರಬೇಕು, ಒಂದನ್ನೊಂದು ನೂಕಬಾರದು. ಚಿಮಣಿ ಎಣ್ಣಿಯಂಗ ಬುಸ್ ಅಂತ ಮೂಗಿಗೆ ಬಡೀತಂದ್ರ ಅದು ಜಿನ್ನಲ್ಲ, ಚೆಲ್ಲಿಬಿಡು!"

ಹಾಗೆಂದು ಬಾಟಲಿ ನನ್ನ ಕೈಗೆ ಕೊಡುತ್ತಿದ್ದರೇ? ಛೇ! ಅಂಗೈಯಲ್ಲಿ ಕೊತ್ತಂಬರಿ ಕಾಳು, ಲಿಂಬೆ ಸಿಪ್ಪೆ ಉಜ್ಜಿಸಿಯೇ ನನಗೆ ವಿದ್ಯೆ ಕಲಿಸಿದರು. ಒಂದು ಹನಿ ನಾಲಿಗೆಗೆ ತಾಗಿಸದೆ ಜಿನ್ನಿನ ಪಂಡಿತೆಯಾದವಳು ನಾನು.

ಅಮಾವಾಸ್ಯೆಯ ಸಂಜೆ ಹಿತ್ತಿಲ ಗಿಡದಿಂದ ಲಿಂಬೆಹಣ್ಣು ಕೊಯ್ದು ಕೊಡುವುದು ನನ್ನ ಕೆಲಸ. ತೆಳು ಸಿಪ್ಪೆಯದು, ಹಸಿರು ಹೋಗಿ ಇನ್ನೂ ಪೂರ್ತಿ ಹಳದಿಯಾಗದ್ದು, ಅಂಥದ್ದೇ ಆಗಬೇಕು. ಬೇರೆಯವರು ಕೊಯ್ದರೆ ನಡೆಯುತ್ತಿರಲಿಲ್ಲ. ಕಾಕಾ ಸಿಪ್ಪೆಯನ್ನು ಬಿಳಿಯ ಭಾಗ ತಾಗದಂತೆ ಸುಲಿದು, ಗ್ಲಾಸಿನ ಮೇಲೆ ಹಿಡಿದು ಹಿಂಡುತ್ತಿದ್ದರು. ಸಿಪ್ಪೆಯ ಎಣ್ಣೆ ಕಣ್ಣಿಗೆ ಕಾಣದ ಹಾಗೆ ಸಿಡಿದು ಮೇಲೆ ತೇಲಬೇಕು. ಸಾಹೇಬರು ಕಹಿಯಾದ ಕ್ವಿನೈನಿನ ಸೋಡಾ ಬೆರೆಸುತ್ತಿದ್ದರಂತೆ. ಅದು ನಮ್ಮೂರಲ್ಲಿ ಎಲ್ಲಿಂದ ಬರಬೇಕು? ಕಾಕಾ ಅದೇ ಕಹಿಗೆಂದು ಕಿರಾತಕಡ್ಡಿ ನೆನೆಹಾಕಿದ ನೀರನ್ನು ನಾಲ್ಕು ಹನಿ ಬಿಟ್ಟು, ಗೋಲಿ ಸೋಡಾ ಒಡೆದು ಹಾಕುತ್ತಿದ್ದರು. ಚಿಗವ್ವ ಮೂಗು ಮುರಿಯುತ್ತಿದ್ದಳು: "ಜ್ವರ ಬಂದಾಗ ಇದ ಕಿರಾತಕಡ್ಡಿ ಕೊಟ್ರ ಸಣ್ಣ ಹುಡುಗರಗತೆ ಓಡತೀರಿ. ಈಗ ನೋಡು, ತೀರ್ಥದಂಗ ಕುಡೀತಾರ!"

ಒಂದು ಬೇಸಿಗೆಯಲ್ಲಿ ಬರ್ಫದ ಹುಚ್ಚು ಹಿಡಿಯಿತು. ಬರ್ಫವಿಲ್ಲದ ಜಿನ್ನು ಜಿನ್ನೇ ಅಲ್ಲವಂತೆ. ಗದಗಿಗೆ ಹೋಗಿ, ಒಂದು ಮಂಜುಗಡ್ಡೆಯನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದರು. ರೋಣ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಬೆಳವಣಕಿಯ ಮುದುಕಿ ಎದ್ದು ನಿಂತು, "ಯಪ್ಪಾ, ನಿಂದೇನೈತೋ, ನನ್ನ ಸೀರಿ ಎಲ್ಲಾ ತೋಯ್ತಲ್ಲೋ!" ಎಂದು ಕೂಗಿದಳು. ಕಾಕಾ ಊರಲ್ಲಿ ಇಳಿದಾಗ ಚೀಲದಲ್ಲಿ ಉಳಿದದ್ದು ಹೊಟ್ಟು ಮಾತ್ರ. ಚಿಗವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಕಾಕಾ ಮಾತ್ರ ಹಸಿ ಚೀಲವನ್ನು ಮುಟ್ಟಿ ನೋಡಿ, "ಚೀಲಾ ಥಣ್ಣಗೈತಿ" ಎಂದು ಅದನ್ನೇ ಗ್ಲಾಸಿಗೆ ಸುತ್ತಿ ಕಿಟಕಿಯ ಗಾಳಿಗೆ ಇಟ್ಟರು. ಖರೇ ಹೇಳುತ್ತೇನೆ, ಗ್ಲಾಸು ತಣ್ಣಗಾಯಿತು! ಅಂದಿನಿಂದ ನಮ್ಮ ಮನೆಯಲ್ಲಿ ಗ್ಲಾಸಿಗೆ ಗೋಣಿಯ ಅಂಗಿ ಕಾಯಮ್ಮಾಯಿತು.

ಅಷ್ಟರಲ್ಲಿ ದಾರೂಬಂದಿ ಬಂತು, ಕುಡಿಯುವುದೇ ಅಪರಾಧವಾಯಿತು. ಆಗ ನಾವು ಮುಂಬಯಿ ಪ್ರಾಂತದವರು. ಗುಡ್ಡದ ಆಚೆ ಹೈದರಾಬಾದಿನ ಸೀಮೆ, ಅಲ್ಲಿ ಬಂದಿ ಇಲ್ಲ. ಕುಡಿಯುವವರು ಹೊಲದ ದಾರಿ ಹಿಡಿದು ಆಚೆ ಹೋಗಿ, ಬರುವಾಗ ಹಾಡು ಹೇಳಿಕೊಂಡು ಬರುತ್ತಿದ್ದರು. ಕಾಕಾ ಅವರನ್ನು ಕಂಡು ಮುಖ ತಿರುಗಿಸುತ್ತಿದ್ದರು. "ವಾಸನಿ ನೋಡದ ಕುಡಿಯೂ ಮಂದಿ!" ಆದರೆ ತಮ್ಮ ಗತಿ ಏನು? ವಿಚಾರಿಸಿದಾಗ ತಿಳಿಯಿತು, ಡಾಕ್ಟರರು ಬರೆದುಕೊಟ್ಟರೆ ಸರಕಾರ ಪರ್ಮಿಟ್ಟು ಕೊಡುತ್ತದೆ. ಏನೆಂದು ಬರೆಯಬೇಕು? ಈ ಮನುಷ್ಯನಿಗೆ ಕುಡಿತದ ಚಟವಿದೆ, ಬಿಟ್ಟರೆ ಜೀವಕ್ಕೆ ಅಪಾಯವಿದೆ ಎಂದು!

ಕಾಕಾ ರೋಣದ ದವಾಖಾನೆಗೆ ಹೋದರು. ಡಾಕ್ಟರರು ಕಣ್ಣು ಅಗಲಿಸಿ ನೋಡಿದರು, ನಾಲಿಗೆ ಚಾಚಿಸಿದರು.

"ದಿನಾ ಎಷ್ಟು ಕುಡೀತೀರಿ?"

"ದಿನಾ ಇಲ್ರಿ, ಅಮಾಸಿಗೊಂದು ಗ್ಲಾಸು."

"ಕೈ ನಡುಗ್ತಾವೇನು?"

"ನಡುಗಿದ್ರ ನೇಯೂದು ಹ್ಯಾಂಗ್ರಿ?"

"ನಿಮ್ಮ ಪ್ರಕೃತಿ ನನಗಿಂತ ಚಲೋ ಅದ. ಮನೀಗೆ ನಡೀರಿ," ಎಂದರು ಡಾಕ್ಟರರು. ಕಾಕಾ ಏಳಲಿಲ್ಲ. "ಡಾಕ್ಟರ್ ಸಾಹೇಬ್ರ, ಚಲೋ ಜಿನ್ನು ಹ್ಯಾಂಗ ಗುರುತು ಹಿಡಿಯೂದು ಗೊತ್ತೇನ್ರಿ ನಿಮಗ?" ಎಂದು ಶುರು ಮಾಡಿದರು ನೋಡಿ! ರಾಳ, ಕೊತ್ತಂಬರಿ, ಲಿಂಬೆ, ಅಂಗೈ, ಗೋಣಿಚೀಲ. ಹೊರಗೆ ರೋಗಿಗಳ ಸಾಲು ಬೆಳೆಯುತ್ತಲೇ ಇತ್ತು. ಕೊನೆಗೆ ಡಾಕ್ಟರರು ಲೇಖಣಿ ಎತ್ತಿಕೊಂಡು, "ಕುಡಿಯೂದ್ರಾಗ ಇಲ್ಲ, ಆದರ ಮಾತಿನಾಗ ನಿಮಗ ಚಟಾ ಹತ್ತಿದ್ದು ಖಂಡಿತ," ಎಂದು ಬರೆದು ಕೊಟ್ಟರು. ಅದನ್ನು ನೋಡಿ ಸರಕಾರ ಶಿಕ್ಕಾ ಒತ್ತಿ ಪರ್ಮಿಟ್ಟು ಕೊಟ್ಟಿತು. ಕಾಕಾ ಆ ಪರ್ಮಿಟ್ಟನ್ನು ಕೋಟಿನ ಒಳಗಿಸೆಯಲ್ಲಿ, ದೇವರ ಅಂಗಾರದ ಪೊಟ್ಟಣದ ಜೊತೆ ಇಟ್ಟುಕೊಂಡು ತಿರುಗಿದರು.

ಅದೇ ಪರ್ಮಿಟ್ಟು ನನ್ನ ಕೊರಳಿಗೆ ಬಂತು. ನರಗುಂದದಿಂದ ಒಂದು ಗಂಡು ನೋಡಲು ಬಂತು. ಹುಡುಗನ ತಂದೆ ಸಾಲಿ ಮಾಸ್ತರರು, ಬಿಳಿ ಟೋಪಿ, ಗೆರೆ ಎಳೆದಂಥ ಮನುಷ್ಯ. ಹುಡುಗ ನಾನು ತಂದುಕೊಟ್ಟ ಲಿಂಬೆ ಶರಬತ್ತು ಕುಡಿದು, ಸಂಕೋಚಪಡುತ್ತ ಇನ್ನೊಂದು ಗ್ಲಾಸು ಕೇಳಿದ. ಸುಳ್ಳೇಕೆ ಹೇಳಲಿ, ಆ ಎರಡನೆಯ ಗ್ಲಾಸಿಗೇ ನಾನು ಅವನನ್ನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ.

ಮಾಸ್ತರರೂ ಶರಬತ್ತು ಹೊಗಳಿದರು. ಅಲ್ಲಿಗೇ ಬಿಡಬಹುದಿತ್ತಲ್ಲ? ಕಾಕಾ ಉಬ್ಬಿದರು. "ಸಿಪ್ಪಿ ಹಿಂಡೂದ್ರಾಗ ಐತ್ರಿ ಅದರ ಮಜಾ. ಇದಕ್ಕ ಒಂದೀಟು ಜಿನ್ನು ಬಿದ್ರ..." ಒಳಗೆ ಚಿಗವ್ವ ಕೆಮ್ಮಿದಳು. ಮತ್ತೂ ಜೋರಾಗಿ ಕೆಮ್ಮಿದಳು. ಕಾಕಾ, "ಆಕಿಗೆ ನೆಗಡಿ" ಎಂದು ಹೇಳಿ, ಒಳಗಿಸೆಯಿಂದ ಪರ್ಮಿಟ್ಟು ತೆಗೆದು ತೋರಿಸಿಯೇಬಿಟ್ಟರು!

ಮಾಸ್ತರರು ಕನ್ನಡಕ ಏರಿಸಿ ಓದಿದರು.

"ಇದು ಖರೇ ಇದ್ರ ನೀವು ಕುಡುಕರು. ಸುಳ್ಳಿದ್ರ ಸರಕಾರಕ್ಕ ಸುಳ್ಳು ಹೇಳಿದವರು. ಯಾವ ಮನಿಯಿಂದ ಹೆಣ್ಣು ತರಲಿ ನಾನು?"

ಕಾಕಾ ಪರ್ಮಿಟ್ಟನ್ನು ತಿರುಗಿ ಇಸಿದುಕೊಂಡರು. ಆಮೇಲೆ ಮೆಲ್ಲಗೆ, "ಸರಕಾರ ಕುಡುಕ ಹೌದೋ ಅಲ್ಲೋ ಅಂತ ಅಷ್ಟ ಕೇಳತೈತ್ರಿ. ರುಚಿ ನೋಡಾವಗ ಅದರಾಗ ಜಾಗಾನ ಇಲ್ಲ," ಎಂದರು. ಆ ಮಾತನ್ನು ನಾನು ಇವತ್ತಿಗೂ ಯೋಚಿಸುತ್ತೇನೆ. ಆದರೆ ಅಂದು ಅದರಿಂದ ಮಾಸ್ತರರ ಮುಖ ಸಡಿಲಾಗಲಿಲ್ಲ. ಹುಡುಗ ನೆಲ ನೋಡುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಹಿಂಗ ಮಾಡೋಣ್ರಿ," ಎಂದರು ಕಾಕಾ, ಪರ್ಮಿಟ್ಟನ್ನು ಮಾಸ್ತರರ ಮುಂದೆ ಸರಿಸಿ. "ಇದು ನಿಮ್ಮಂತ್ಯಾಕ ಇರಲಿ. ಇವತ್ತಿಗೆ ಜಿನ್ನು ಬಿಟ್ಟೆ. ಡಾಕ್ಟರು ಬರದದ್ದು ಖರೇ ಆದ್ರ ನಾ ಉಳಿಯಂಗಿಲ್ಲ. ಉಳದ್ರ ಕುಡುಕಲ್ಲ ಅಂತ ಆತಲ್ರಿ?"

ಒಳಗೆ ಚಿಗವ್ವನ ಕೈಯಿಂದ ತಾಟು ಬಿತ್ತು.

"ಉಳದ್ರ ಸಾಲದು. ಕೈ ನಡುಗಬಾರದು," ಎಂದರು ಮಾಸ್ತರರು.

"ಹಂಗಾರ ಹುಡುಗಿ ಲಗ್ನದ ಸೀರಿ ನಾನ ನೇಯ್ತೀನಿ. ನಡುಗಿದ್ರ ಸೀರೀನ ಹೇಳತೈತಿ."

"ಆಗಲಿ. ಸೀರಿ ನೋಡಿ ಮಾತಾಡೋಣು."

ಬಾಟಲಿಯಲ್ಲಿ ಉಳಿದ ಜಿನ್ನನ್ನು ಕಾಕಾ ತಾವೇ ಬಚ್ಚಲಿಗೆ ಸುರಿದರು. ಸುರಿದ ಮೇಲೆ ಕೈ ತೊಳೆಯದೆ ಬಹಳ ಹೊತ್ತು ಕೂತಿದ್ದರು. ಓಣಿಯವರಿಗೆ ಸುದ್ದಿ ಹತ್ತಿ, ಬೆಳಗಾದರೆ ಒಬ್ಬರಲ್ಲ ಒಬ್ಬರು ಬಾಗಿಲಿಗೆ ಬಂದು, "ಹ್ಯಾಂಗದೀರಿ? ಜೀವಾ ಐತಿಲ್ಲೋ?" ಎಂದು ಕೇಳಿ ಹೋಗುವುದು ರೂಢಿಯಾಯಿತು. ಕಾಕಾ ಮಗ್ಗದ ಕುಣಿಯಲ್ಲಿ ಕೂತೇ ಎರಡೂ ಕೈ ಎತ್ತಿ ತೋರಿಸುತ್ತಿದ್ದರು. ಅಮಾವಾಸ್ಯೆಗೆ ಎಲ್ಲ ಸಿದ್ಧತೆಯೂ ನಡೆಯಿತು. ಸೋಡಾ, ಕಿರಾತಕಡ್ಡಿ, ಲಿಂಬೆ, ಗೋಣಿಯ ಅಂಗಿ, ಜಿನ್ನೊಂದನ್ನು ಬಿಟ್ಟು ಎಲ್ಲ. ಕುಡಿದು ನೋಡಿ, "ಬೀಗರೆಲ್ಲಾ ಬಂದಾರ, ಮದುಮಗಾ ಒಬ್ಬ ಬಂದಿಲ್ಲ," ಎಂದು ಗ್ಲಾಸು ಕೆಳಗಿಟ್ಟರು.

ಹಸಿರು ಒಡಲು, ಕೆಂಪು ಅಂಚು. ಸೀರೆ ಸೆರಗಿನ ಹತ್ತಿರ ಬಂದ ದಿನ ನಾನು ಮಗ್ಗದ ಬದಿಯಲ್ಲಿ ಕೂತಿದ್ದೆ. ಸುಮ್ಮನಿರಲಾರದೆ, "ಕಾಕಾ, ನಾ ಹೋದಮ್ಯಾಲೆ ಅಮಾಸಿಗೆ ಲಿಂಬಿಹಣ್ಣು ಯಾರು ಕೊಯ್ದು ಕೊಡ್ತಾರ?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. "ಆ ಕಡೆ ಸರಿ ತಂಗಿ, ಬೆಳಕು ಬರವಲ್ದು," ಎಂದರು. ನಾನು ಎದ್ದು ಒಳಗೆ ಹೋದೆ.

ಮಾಸ್ತರರು ಬಂದರು. ಸೀರೆಯನ್ನು ಕಂಬಳಿಯ ಮೇಲೆ ಹಾಸಿ, ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಗೇಣು ಗೇಣು ನೋಡುತ್ತ ಹೋದರು. ಒಡಲು ಮುಗಿಯಿತು, ಏನೂ ಇಲ್ಲ. ಸೆರಗಿನ ಹತ್ತಿರ ಅವರ ಬೆರಳು ನಿಂತಿತು. ಅಲ್ಲೊಂದು ಕಡೆ ಎಳೆಗಳು ಸಮನಾಗಿ ಕೂತಿರಲಿಲ್ಲ, ಒಂದು ಗೇಣಷ್ಟು ಅಗಲ ಜಾಳುಜಾಳಾಗಿತ್ತು.

"ಇಲ್ಲಿ ಕೈ ನಡಗೇತಿ," ಎಂದರು.

"ಹೌದ್ರಿ, ನಡಗೇತಿ," ಎಂದರು ಕಾಕಾ. ಅಷ್ಟೇ. ಮಾಸ್ತರರು ಕನ್ನಡಕ ತೆಗೆದು ಏಳಲು ನೋಡಿದರು. ನನ್ನ ಲಗ್ನ ಮುರಿಯಿತು ಎಂದುಕೊಂಡೆ.

ಆಗ ಚಿಗವ್ವ ಹೊರಗೆ ಬಂದಳು. ಬಂದವರ ಮುಂದೆ ಎಂದೂ ಬಾಯಿ ತೆರೆಯದವಳು, ಸೆರಗು ಹೊದ್ದು ನೆಟ್ಟಗೆ ನಿಂತಳು.

"ಮಾಸ್ತರ, ಅದು ಜಿನ್ನಿನ ನಡುಕಲ್ರಿ. ಈ ಹುಡುಗಿ ನಾ ಹೋದಮ್ಯಾಲೆ ಲಿಂಬಿಹಣ್ಣು ಯಾರು ಕೊಡ್ತಾರ ಅಂತ ಕೇಳಿ ಒಳಗ ಬಂತು. ಇವರು ಅಳಕೋತ ನೇಯ್ದಾರ. ಕಣ್ಣು ಕಾಣ್ತಿದ್ದಿಲ್ಲ ಇವರಿಗೆ. ಬಿಚ್ಚಿ ಮತ್ತ ನೇಯ್ರಿ, ಮಾಸ್ತರು ನೋಡ್ತಾರ ಅಂದೆ. ಇರಲಿ ಬಿಡು, ಅದೂ ಆಕೀದ ಅಂದ್ರು."

ಮಾಸ್ತರರು ಆ ಜಾಳು ಜಾಗದ ಮೇಲೆ ಮತ್ತೊಮ್ಮೆ ಕೈಯಾಡಿಸಿದರು, ಈ ಸಲ ಕನ್ನಡಕವಿಲ್ಲದೆ. "ನಾನೂ ಹೆಣ್ಣುಮಗಳನ್ನ ಕೊಟ್ಟಾವ," ಎಂದರು. ಸೀರೆಯನ್ನು ತಾವೇ ಮಡಚಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, ಕಿಸೆಯಿಂದ ಪರ್ಮಿಟ್ಟು ತೆಗೆದು ಕಾಕಾನ ಮುಂದೆ ಇಟ್ಟರು. "ತಗೋರಿ. ಅಮಾಸಿಗೊಂದು ಗ್ಲಾಸಿಗೆ ನಂದೇನು ತಕರಾರಿಲ್ಲ."

ಕಾಕಾ ಅದನ್ನು ತಿರುಗಿಸಿ ನೋಡಿ, "ಇದರ ಮುದತ್ತು ಮುಗದೈತ್ರಿ," ಎಂದರು!

ಹೌದು, ಮುಗಿದಿತ್ತು. ಹೊಸದು ಮಾಡಿಸಲು ರೋಣಕ್ಕೆ ಹೋದರೆ ಡಾಕ್ಟರರು ನಕ್ಕುಬಿಟ್ಟರು. "ಇಷ್ಟು ದಿನಾ ಬಿಟ್ಟು ಆರಾಮ ಅದೀರಿ. ಇನ್ನ ಚಟಾ ಅಂತ ಹ್ಯಾಂಗ ಬರೀಲಿ? ಈಗ ನೀವು ಮಾತಾಡಿದ್ರೂ ನಡೆಯಂಗಿಲ್ಲ." ನನಗಾಗಿ ತಾವು ಕುಡುಕರಲ್ಲ ಎಂದು ಸಾಧಿಸಿದ್ದಕ್ಕೆ ಕಾಕಾ ತೆತ್ತದ್ದು ಇದು. ಗುಡ್ಡದಾಚೆ ಹೋಗಿ ಕುಡಿಯುವವರ ಪೈಕಿ ಅಲ್ಲ ಅವರು. ಆ ಮೂಗು ಮತ್ತೆ ಜಿನ್ನು ಕಾಣಲಿಲ್ಲ.

ಲಗ್ನವಾಗಿ ಮೊದಲ ಸಲ ತವರಿಗೆ ಬಂದದ್ದು ಅಮಾವಾಸ್ಯೆಯ ದಿನ. ಹಿತ್ತಿಲಿಗೆ ಹೋಗಿ ಲಿಂಬೆಹಣ್ಣು ಕೊಯ್ದು ತಂದೆ. ಕಾಕಾ ಸಿಪ್ಪೆ ಸುಲಿದು ಬರೀ ಸೋಡಾದ ಗ್ಲಾಸಿನ ಮೇಲೆ ಹಿಂಡಿದರು. ಅಂಗೈ ಎರಡನ್ನೂ ತಿಕ್ಕಿ, ಕಣ್ಣು ಮುಚ್ಚಿ ಮೂಸಿದರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ನನ್ನ ಸಲವಾಗಿ ಜಿನ್ನು ಹೋತಲ್ಲ. ಬ್ಯಾಸರಿಲ್ಲೇನು ನಿನಗ?"

ಅವರು ಒಂದು ಗುಟುಕು ಕುಡಿದರು. ಗೋಣಿಯ ಅಂಗಿ ತೊಟ್ಟ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ನೋಡದೆ, ಚಿಗವ್ವನಿಗೆ ಹೇಳಿದರು:

"ಮದುಮಗಾ ಬರಲಿಲ್ಲಂದ್ರ ಏನಾತು? ಮಗಳು ಬಂದಾಳಲ್ಲ."