ಕೊತ್ತಂಬರಿ ಮಡಿಯ ಗುಲಾಬಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತುಗಳೂ ಅಷ್ಟಕ್ಕಷ್ಟೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳೆಂದು ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ನಡೆದದ್ದನ್ನು ‘ನಾನು’ ಎಂದು ಬರೆಯಲು ನಾಚಿಕೆ. ಉಮಾಶ್ರೀ ಎಂದೇ ಬರೆಯುತ್ತೇನೆ.

ಸೊರಡಿ ಊರಿನ ಉಮಾಶ್ರೀಯ ಅಜ್ಜಿ ಶಿವಲಿಂಗವ್ವನಿಗೆ ಬೆಳಗಾದರೆ ಲಿಂಗಪೂಜೆಗೆ ಹೂ ಬೇಕು. ಹೂ ಇರುವುದು ಪಕ್ಕದ ಮನೆಯ ಸಿದ್ದವ್ವನ ಅಂಗಳದಲ್ಲಿ. ಸಿದ್ದವ್ವ ನಾಲ್ಕು ಹೂವಿನ ಜೊತೆ ನಲವತ್ತು ಮಾತು ಕೊಡುವವಳು.

“ಏನಬೇ, ಸಾಲಿ ಬಿಟ್ಟ ಮೊಮ್ಮಗಳು ಮನ್ಯಾಗ ಕುಂತಾಳ, ಒಂದು ಹೂವಿನ ಗಿಡಾ ಹಚ್ಚಾಕ ಬರೂದಿಲ್ಲೇನು?”

ಉಮಾಶ್ರೀ ಜನ್ಮದಲ್ಲಿ ಮೊದಲ ಸಲ ಗೋಡೆಯಾಚೆಗೆ ದನಿ ಎತ್ತಿದಳು: “ದೀಪಾವಳಿಯಿಂದ ನಿಮ್ಮ ಹೂ ನಮಗ ಬ್ಯಾಡ್ರಿ.” (ಹೇಳಿದ ಮೇಲೆ ಒಳಗೆ ಓಡಿ ಹಿಟ್ಟಿನ ಡಬ್ಬಿಯ ಹಿಂದೆ ಕುಳಿತಳು.)

ಜತ್ತ ಪೇಟೆಯ ನರ್ಸರಿಯಲ್ಲಿ ಸಸಿ ಮಾರುವ ಗುರಪ್ಪನ ಮುಂದೆ ತನ್ನ ಹಳೆಯ ಶಾಲೆಯ ವಹಿ ತೆರೆದು, ಬರೆದುಕೊಂಡು ಹೋದ ಪ್ರಶ್ನೆಯನ್ನು ಓದಿದಳು. “ಔಷಧ ಹೊಡಿಲಾರದ, ನೀರು ಕಡಿಮಿ ಇದ್ರೂ ಹೂ ಬಿಡೂವು ಯಾವ್ರಿ?”

“ಈ ಮೂರು ಗುಲಾಬಿ ಒಯ್ಯವ್ವ. ಕಾಡು ಗುಲಾಬಿ ಬೇರಿಗೆ ಕಸಿ ಕಟ್ಟೇನಿ. ಗಂಟಿನ ಕೆಳಗ ಚಿಗುರು ಬಂದ್ರ ತಗೀತಿರು.”

ಯಾವ ಗಂಟು? ಕೇಳಲು ಸಂಕೋಚ. ಆ ಪ್ರಶ್ನೆ ವಹಿಯಲ್ಲಿರಲಿಲ್ಲ.

ಗಿಡ ಚಿಗುರಿದಾಗ ಮುಂದೇನು ಮಾಡಲೆಂದು ಅಪ್ಪ ಶ್ರೀಶೈಲಪ್ಪನನ್ನು ಕೇಳಿದಳು. ಅವನದು ದ್ರಾಕ್ಷಿ ತೋಟ. “ಹೊಸಾ ದ್ರಾಕ್ಷಿಗೆ ಏನ್ ಮಾಡ್ತೀವಿ? ಜೋರ್ ಇರೂದು ಒಂದ ಚಿಗುರು ಬಿದಿರಿಗೆ ಕಟ್ಟಿ, ಉಳದದ್ದು ಕತ್ತರಸೂದು. ಗಿಡಾ ಅಂದ್ರ ಎಲ್ಲಾ ಒಂದ.”

ಉಮಾಶ್ರೀ ಅಳತೆಪಟ್ಟಿ ಹಿಡಿದು ಪ್ರತಿ ಚಿಗುರನ್ನೂ ಅಳೆದಳು. ಗಿಡಕ್ಕೊಂದರಂತೆ ಎಲ್ಲಕ್ಕಿಂತ ಎತ್ತರದ್ದನ್ನು ಬಿದಿರಿಗೆ ಕಟ್ಟಿ, ಸೊರಗಿದ ಮುಳ್ಳುಕಡ್ಡಿಗಳನ್ನು ಕತ್ತರಿಸಿ ಒಗೆದಳು. ಅಜ್ಜಿ ಅವನ್ನು ಆರಿಸಿಕೊಂಡು ಬಚ್ಚಲ ಹಿಂದಿನ ಕೊತ್ತಂಬರಿ ಮಡಿಯ ಸುತ್ತ ಚುಚ್ಚಿದಳು.

“ಆಯಿ, ಕಸಾ ಯಾಕ ನೆಡ್ತಿ?”

“ಕೋಳಿ ಬರಲಾರದಂಗ ಬೇಲಿ. ನೀ ನಿನ್ನ ಗಿಡಾ ನೋಡ್ಕೊ.”

ಗಿಡಗಳು ಚಕ್ರವರ್ತಿಗಳಂತೆ ಬೆಳೆದವು. ಗೋಡೆ ದಾಟಿದವು. ಎಲೆಯೇ ಎಲೆ, ಮೊಗ್ಗಿಲ್ಲ. ಉಮಾಶ್ರೀ ದಿನಕ್ಕೆ ಮೂರು ಸಲ ಎಲೆ ಒರೆಸಿದಳು.

ದೀಪಾವಳಿಯ ಬೆಳಿಗ್ಗೆ ಅಪ್ಪನನ್ನು ಕಾಣಲು ಬಂದ ಗುರಪ್ಪ ಅಂಗಳದಲ್ಲೇ ನಿಂತುಬಿಟ್ಟ. “ತಂಗಿ, ಗುಲಾಬಿ ಕಡದು ಕಾಡು ಬೆಳಸೀದಿಯಲ್ಲ. ಕಸಿ ಗಂಟಿನ ಕೆಳಗಿನ ಕಾಡು ಚಿಗುರು ಯಾವಾಗ್ಲೂ ಜೋರ್ ಇರ್ತದ.”

ಅಪ್ಪನಿಗೆ ತೋಟದಲ್ಲಿ ಅರ್ಜೆಂಟ್ ಕೆಲಸ ನೆನಪಾಯಿತು. ಗೋಡೆಯ ಮೇಲೆ ಸಿದ್ದವ್ವನ ಮುಖ ಮೂಡಿತು.

“ಹೂ ಬ್ಯಾಡ ಅಂದಿದ್ಲು ನಿನ್ನ ಮೊಮ್ಮಗಳು. ಮನ್ಯಾಗ ಇಷ್ಟ ಹೂ ಇಟ್ಕೊಂಡು ವಾರದಿಂದ ನನ್ನ ಬಾಗಲಿಗೆ ಯಾಕ ಬಂದಿ, ಶಿವಲಿಂಗವ್ವ?”

ಎಲ್ಲರೂ ತಿರುಗಿದರು. ಸಿದ್ದವ್ವನ ಕಣ್ಣು ಗೋಡೆಯ ಮೇಲಿಂದ ಬಚ್ಚಲ ಹಿಂದಕ್ಕೆ ನೆಟ್ಟಿತ್ತು. ಉಮಾಶ್ರೀ ಓಡಿ ನೋಡಿದಳು. ಕೊತ್ತಂಬರಿಯ ಸುತ್ತ ಅವಳು ಒಗೆದ ಕಸ ಬೇರು ಬಿಟ್ಟು, ಬಚ್ಚಲ ನೀರು ಕುಡಿದು, ಕೆಂಪಗೆ ಹಳದಿಗೆ ಅರಳಿತ್ತು.

“ಆಯಿ, ಈ ಹೂ ನೀ ಯಾಕ ಹರೀಲಿಲ್ಲ?”

“ನೀ ಅಲ್ಲಿ ಎಲಿ ಒರಸ್ಕೋತ ಕುಂತಿದ್ದಿ,” ಎಂದಳು ಅಜ್ಜಿ ಮೆಲ್ಲಗೆ. “ನಿನ್ನ ಗಿಡಾ ಮೊದಲ ಹೂ ಬಿಡಲಿ ಅಂತ.”

ಅಂದರೆ ತನ್ನ ಮಾನ ಉಳಿಸಲೆಂದು ಅಜ್ಜಿ ಒಂದು ವಾರ ನಲವತ್ತು ಮಾತು ಕೇಳಿಕೊಂಡು ಬಂದಿದ್ದಳು. ಆ ದಿನ ಹಿಟ್ಟಿನ ಡಬ್ಬಿಯ ಹಿಂದಿನ ಜಾಗ ಸಾಲಲಿಲ್ಲ.

ನಾಳೆ ಬೆಳಿಗ್ಗೆ ನಾನು ಆ ಮೂರು ಬಿದಿರು ಕಿತ್ತುಹಾಕಿ, ಬಟ್ಟಲಲ್ಲಿ ನಾಲ್ಕು ಗುಲಾಬಿ ಇಟ್ಟುಕೊಂಡು ಸಿದ್ದವ್ವನ ಮನೆಗೆ ಹೋಗುತ್ತೇನೆ.