ಯಜಮಾನರಿಗೆ ಒಂದು ಚೊಂಬು ಹೆಚ್ಚು

ಊರಿಗೆ ಹೊರಟವರು ಅಕ್ಕಪಕ್ಕದವರ ಕೈಗೆ ಒಪ್ಪಿಸಿ ಹೋಗುವ ವಸ್ತುಗಳಲ್ಲೆಲ್ಲ ಅತ್ಯಂತ ಅಪಾಯಕಾರಿಯಾದದ್ದು ಹೂವಿನ ಗಿಡ ಎಂಬುದು ನನ್ನ ಅಭಿಪ್ರಾಯ. ಬೀಗದ ಕೈಯಾದರೆ ಮೊಳೆಗೆ ನೇತುಹಾಕಿ ಮರೆತುಬಿಡಬಹುದು. ನಾಯಿಯಾದರೆ ಹಸಿದಾಗ ಬೊಗಳುತ್ತದೆ, ಹೊಟ್ಟೆ ತುಂಬಿದರೆ ಮೂತಿ ತಿರುಗಿಸಿ ಮಲಗುತ್ತದೆ. ಗಿಡ ಎರಡನ್ನೂ ಮಾಡುವುದಿಲ್ಲ. ಬೇಕು ಎಂದೂ ಹೇಳದೆ, ಸಾಕು ಎಂದೂ ಹೇಳದೆ, ಸುಮ್ಮನೆ ಮುಖ ಬಾಡಿಸಿಕೊಂಡು ನಿಲ್ಲುತ್ತದೆ. ಕಾರಣವನ್ನು ನಾವೇ ಊಹಿಸಿಕೊಳ್ಳಬೇಕು. ಗುಬ್ಬಿಯಲ್ಲಿದ್ದ ನನ್ನ ಅತ್ತೆಯವರ ಸ್ವಭಾವವೂ ಹೀಗೇ ಇದ್ದುದರಿಂದ ಈ ವಿಷಯದಲ್ಲಿ ನನಗೆ ಒಂದಷ್ಟು ಅನುಭವ ಇರಬೇಕಾಗಿತ್ತು. ಇರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ತುಮಕೂರಿನ ಹಳೇ ಪೇಟೆಯ ಒಂದು ಬೀದಿಯಲ್ಲಿ, ಪಾರ್ವತಮ್ಮನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿ ಸರೋಜಳೂ ಬಾಡಿಗೆಗಿದ್ದೆವು. ಪಾರ್ವತಮ್ಮನವರ ಪತಿ ರುದ್ರಪ್ಪನವರು ಕೊಬ್ಬರಿ ವ್ಯಾಪಾರಿಗಳು. ನಾವು ಆ ಮನೆಗೆ ಹೋಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆದರೆ ಪಾರ್ವತಮ್ಮನವರ ಮಾತು ಕೇಳಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ರುದ್ರಪ್ಪನವರು ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಒಂದು ಗುಲಾಬಿ ಗಿಡ ಅಂಗಳದ ನಡುವೆ ದೊಡ್ಡ ಮಣ್ಣಿನ ಕುಂಡದಲ್ಲಿತ್ತು. ಅವರು ಹೋದ ಮೇಲೆ ಆ ಗಿಡವನ್ನೇ ಪಾರ್ವತಮ್ಮನವರು ‘ಯಜಮಾನ್ರು’ ಎನ್ನುತ್ತಿದ್ದರು. ಬೇರೆ ಕುಂಡಗಳೂ ಇದ್ದವು. ಮಲ್ಲಿಗೆ, ದೊಡ್ಡಪತ್ರೆ, ಸಾಲಾಗಿ ಕ್ರೋಟನ್ನು. ಅವೆಲ್ಲ ಏಕವಚನದಲ್ಲಿದ್ದವು. ಗುಲಾಬಿಗೆ ಮಾತ್ರ ಬಹುವಚನ. “ಯಜಮಾನ್ರು ಇವತ್ತು ಮೊಗ್ಗು ಬಿಟ್ಟವ್ರೆ ನೋಡು ಸರೋಜ” ಎಂದು ಅವರು ಮೊದಲ ಸಲ ಹೇಳಿದಾಗ ನನ್ನ ಹೆಂಡತಿ ಒಳಗೆ ಬಂದು ಬಾಗಿಲಿಗೆ ಅಗುಳಿ ಹಾಕಿದ್ದಳು. ಆಮೇಲೆ ನಮಗೂ ಅದೇ ಅಭ್ಯಾಸವಾಯಿತು.

ಆ ವರ್ಷದ ಬೇಸಿಗೆ ಯಾರನ್ನೂ ಬಿಡಲಿಲ್ಲ. ಬೀದಿಯ ನಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದದ್ದು, ಆಮೇಲೆ ಮನಸ್ಸು ಬಂದಾಗ ಬರತೊಡಗಿತು. ಬೀದಿ ಕೊನೆಯ ಬೋರಿಂಗನ್ನು ಒತ್ತಿದರೆ ನೀರಿಗಿಂತ ಹೆಚ್ಚಾಗಿ ಕೀಚ್ ಎಂಬ ಶಬ್ದವೇ ಬರುತ್ತಿತ್ತು. ಚಪ್ಪಲಿ ಇಲ್ಲದೆ ಅಂಗಳ ದಾಟಬೇಕಾದರೆ ಕುಣಿಯುತ್ತಾ ದಾಟಬೇಕು. ಇಂಥ ಹೊತ್ತಿನಲ್ಲಿ ಕುಣಿಗಲ್ಲಿನಿಂದ ಪಾರ್ವತಮ್ಮನವರ ಅಳಿಯ ಬಂದ. ಮಗಳಿಗೆ ದಿನ ತುಂಬಿತ್ತು, ಆಕೆಯ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದರು. ಪಾರ್ವತಮ್ಮನವರೇ ಹೋಗಬೇಕಾಯಿತು. ಅಳಿಯನ ಗದ್ದೆಗಳಿಗೆ ಮಾರ್ಕೋನಹಳ್ಳಿ ನಾಲೆಯ ನೀರು. ಆ ವೈಭವವನ್ನು ಅವನು ಅರ್ಧ ಗಂಟೆ ವರ್ಣಿಸಿದ. ನಾವು ಒಣ ನಾಲಗೆಯಲ್ಲಿ ಕೇಳಿದೆವು.

ಹೊರಡುವ ಮುನ್ನ ಪಾರ್ವತಮ್ಮನವರು ನನ್ನನ್ನು ಕರೆದರು. ನಾನು ಆಗ ಬೇಸಾಯಕ್ಕೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ಅಂಟು ಹಚ್ಚುವುದು, ಇಷ್ಟೇ ನನ್ನ ಬೇಸಾಯ. ಆದರೂ ಬೀದಿಯವರು ತೆಂಗಿನ ಗರಿ ಒಣಗಿದರೆ ನನ್ನನ್ನು ಕೇಳುತ್ತಿದ್ದರು. ನಾನೂ ಹುಬ್ಬು ಗಂಟಿಕ್ಕಿ “ಗೊಬ್ಬರ ಸಾಲದು” ಎನ್ನುತ್ತಿದ್ದೆ.

“ನಾಗರಾಜಪ್ಪ, ನೀನು ಆ ಆಫೀಸಿನೋನು ಅಂತ ಧೈರ್ಯವಾಗಿ ಹೋಗ್ತಾ ಇದೀನಿ” ಎಂದರು. “ಎಲ್ಲಾ ಪಾಟಿಗೂ ಒಂದೊಂದು ಚೊಂಬು. ಯಜಮಾನ್ರಿಗೆ ಮಾತ್ರ ಒಂದು ಚೊಂಬು ಜಾಸ್ತಿ ಹಾಕಪ್ಪ. ಸೆಕೆ ತಡೆಯಲ್ಲ ಅವ್ರು. ಇದ್ದಾಗ್ಲೂ ತಡೀತಿರ್ಲಿಲ್ಲ.”

ನಾನು ಮಾತು ಕೊಟ್ಟೆ. ಬಾಡಿಗೆದಾರನಾಗಿ ಮನೆ ಮಾಲೀಕರಿಗೆ ನೀರು ಹಾಕಲಾರೆ ಎಂದು ಹೇಳುವುದು ಯಾವ ಧರ್ಮ? ದಿನಾ ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ, ನನ್ನ ಸ್ನಾನಕ್ಕೆ ಇಟ್ಟಿದ್ದ ನೀರಿನಲ್ಲಿ ಅರ್ಧ ಉಳಿಸಿ, ಮೈಯನ್ನು ಮೊಣಕಾಲ ತನಕ ಮಾತ್ರ ತೊಳೆದುಕೊಂಡು, ಗಿಡಗಳಿಗೆ ಹಾಕತೊಡಗಿದೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ಕಿಟಕಿಯ ಹತ್ತಿರಕ್ಕೆ ಜಾಗ ಬದಲಾಯಿಸಿಕೊಂಡರು. ತ್ಯಾಗಕ್ಕೆ ಇಂಥ ಬೆಲೆಗಳಿರುತ್ತವೆ.

ಒಂದು ವಿಷಯ ಮಾತ್ರ ನನಗೆ ಸೋಜಿಗವಾಗಿತ್ತು. ನಾನು ನೀರು ಹಾಕಲು ಹೋಗುವಾಗಲೇ ಕುಂಡದ ಮಣ್ಣು ತೇವವಾಗಿರುತ್ತಿತ್ತು. ನಾನು ಅದನ್ನು ಇಬ್ಬನಿ ಎಂದು ತಿಳಿದೆ. ಏಪ್ರಿಲ್ ತಿಂಗಳಲ್ಲಿ, ತುಮಕೂರಿನಲ್ಲಿ, ಇಬ್ಬನಿ. ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸುತ್ತಿತ್ತು. ಹಾಕಿದ ನೀರು ಕುಂಡದ ತಳದ ತೂತಿನಿಂದ ಹರಿದು ಅಂಗಳದ ಪಾಲಾಗುತ್ತಿತ್ತು. ನನ್ನ ಬೆನ್ನು ತೊಳೆಯಬೇಕಾಗಿದ್ದ ನೀರು ಹೀಗೆ ಚರಂಡಿ ಸೇರುವುದನ್ನು ನೋಡಲಾಗದೆ, ಒಂದು ಭಾನುವಾರ ಜೇಡಿಮಣ್ಣು ಕಲಸಿ ಅಷ್ಟೂ ಕುಂಡಗಳ ತೂತು ಮುಚ್ಚಿದೆ. ಯಜಮಾನರ ಕುಂಡಕ್ಕೆ ಗೌರವಾರ್ಥವಾಗಿ ಸ್ವಲ್ಪ ಸಿಮೆಂಟನ್ನೇ ಹಚ್ಚಿದೆ. ಇಂಥ ಸರಳ ಉಪಾಯ ನಮ್ಮ ಕಚೇರಿಯ ದೊಡ್ಡವರಿಗೆ ಯಾಕೆ ಹೊಳೆದಿಲ್ಲ ಎಂದು ಅವತ್ತು ಇಡೀ ದಿನ ಯೋಚಿಸಿದೆ.

ಸ್ವಲ್ಪ ದಿನಗಳಲ್ಲಿ ಯಜಮಾನರು ಹಳದಿ ತಿರುಗಿದರು.

“ರೀ, ಯಜಮಾನ್ರ ಮುಖ ಸರಿಯಿಲ್ಲ” ಎಂದಳು ಸರೋಜ, ಅನ್ನ ಬಡಿಸುತ್ತಾ.

“ಬಿಸಿಲು ಕಣೇ. ಇನ್ನೊಂದು ಚೊಂಬು ಹಾಕ್ತೀನಿ ಬಿಡು” ಎಂದೆ. ಅವಳು ಏನೋ ಹೇಳಲು ಹೋಗಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅದರ ಅರ್ಥ ಆಮೇಲೆ ತಿಳಿಯಿತು.

ನಮ್ಮ ಗೋಡೆಯಾಚೆ ರಹಮತ್ ಸಾಬರ ಮನೆ. ಅವರದು ಪೇಟೆಯಲ್ಲಿ ಛತ್ರಿ ರಿಪೇರಿ ಅಂಗಡಿ. ಮಳೆಗಾಲದಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿಲ್ಲ, ಬೇಸಿಗೆಯಲ್ಲಿ ಊಟ ಬಿಟ್ಟು ಬೇರೆ ಕೆಲಸವಿಲ್ಲ. ಯಜಮಾನರ ಬಣ್ಣ ನೋಡಿ ಅವರಿಗೂ ಸಂಕಟವಾಯಿತು. ರುದ್ರಪ್ಪನವರ ಜೊತೆ ಗೋಡೆಯ ಆಚೀಚೆ ನಿಂತು ಬೆಳಗಿನ ಬೀಡಿ ಸೇದುತ್ತಿದ್ದವರು ಅವರು. “ಬಿಸ್ಲು ತಟ್ಟೈತೆ ಸಾರ್. ನೆರಳು ಬೇಕು” ಎಂದು ಗೋಡೆಯ ಮೇಲಿನಿಂದ ಒಂದು ಕಪ್ಪು ಛತ್ರಿ ಕೊಟ್ಟರು. ಮಾರನೆಯ ದಿನ ಮಲ್ಲಿಗೆಗೊಂದು, ದೊಡ್ಡಪತ್ರೆಗೊಂದು, ಕ್ರೋಟನ್ನಿಗೆ ಎರಡು. ಎಲ್ಲವೂ ಗಿರಾಕಿಗಳು ರಿಪೇರಿಗೆ ಕೊಟ್ಟು ಮರೆತಿದ್ದ ಛತ್ರಿಗಳು. ನಮ್ಮ ಅಂಗಳ ದೂರದಿಂದ ನೋಡುವವರಿಗೆ ಕುಳ್ಳರ ಮೆರವಣಿಗೆಯೊಂದು ಊಟಕ್ಕೆ ನಿಂತಂತೆ ಕಾಣುತ್ತಿತ್ತು. ಗೂಳೂರಿನವರೊಬ್ಬರು ಬೀದಿಯಲ್ಲಿ ಹೋಗುತ್ತಿದ್ದವರು ಗೇಟಿನ ಹತ್ತಿರ ನಿಂತು, “ಅದು ನಮ್ಮ ತಂದೆಯವರ ಛತ್ರಿ ಅಲ್ವಾ?” ಎಂದು ಕೇಳಿದರು. ಹೌದು ಎಂದೆ. ಅವರು ಅದರ ಕೆಳಗಿದ್ದ ದೊಡ್ಡಪತ್ರೆಯನ್ನು ಬಹಳ ಹೊತ್ತು ನೋಡಿ, ಮತ್ತೇನೂ ಕೇಳದೆ ಹೊರಟುಹೋದರು.

ಛತ್ರಿಯ ಕೆಳಗೂ ಎಲೆ ಉದುರಿತು. ನನಗೆ ನಿಜವಾಗಿಯೂ ಭಯವಾಗತೊಡಗಿತು. ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯುವುದುಂಟು, ಕಿಟಕಿಯ ಗಾಜು ಒಡೆಯುವುದುಂಟು. ತೀರಿಕೊಂಡ ಮಾಲೀಕರನ್ನು ಇನ್ನೊಂದು ಸಲ ತೀರಿಸಿದವರ ಬಗ್ಗೆ ನಾನು ಕೇಳಿರಲಿಲ್ಲ. ಪಾರ್ವತಮ್ಮನವರು ಸಂಜೆ ಹೊತ್ತು ಆ ಕುಂಡದ ಪಕ್ಕ ಮಣೆ ಹಾಕಿಕೊಂಡು ಅಕ್ಕಿ ಆರಿಸುತ್ತಾ, ಅವತ್ತಿನ ಸಮಾಚಾರವನ್ನೆಲ್ಲ ಮೆಲ್ಲನೆ ಹೇಳುತ್ತಿದ್ದದ್ದು ನನ್ನ ಕಣ್ಣ ಮುಂದೆ ಬರುತ್ತಿತ್ತು. ಆಫೀಸಿನಲ್ಲಿ ಗಿಡಗಳ ಬಗ್ಗೆ ಏನಾದರೂ ಪುಸ್ತಕ ಇದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಭತ್ತದ ಬೇಸಾಯದ ಒಂದು ಕರಪತ್ರ. ಬುಡದಲ್ಲಿ ಸದಾ ನೀರು ನಿಂತಿರುವಂತೆ ನೋಡಿಕೊಳ್ಳಬೇಕು ಎಂದಿತ್ತು. ನಾನು ನಿಟ್ಟುಸಿರು ಬಿಟ್ಟೆ. ಅಷ್ಟಂತೂ ನಾನು ಸರಿಯಾಗಿಯೇ ಮಾಡಿದ್ದೆ.

ಆ ವಾರದ ಶುಕ್ರವಾರ ನಮ್ಮ ಹಿಂದಿನ ಅಧಿಕಾರಿಯೊಬ್ಬರು ತೀರಿಕೊಂಡರೆಂದು ಆಫೀಸಿಗೆ ಅರ್ಧ ದಿನ ರಜೆ ಕೊಟ್ಟರು. ಮಟಮಟ ಮಧ್ಯಾಹ್ನ ಮನೆಗೆ ಬಂದರೆ, ಅಂಗಳದಲ್ಲಿ ಸರೋಜ ಛತ್ರಿಯನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ಜಾಲಿಸಿದ ನೀರಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಯಜಮಾನರ ಬುಡಕ್ಕೆ ಸುರಿಯುತ್ತಿದ್ದಾಳೆ.

“ಏನೇ ಇದು?”

ಅವಳು ಬೆಚ್ಚಿಬಿದ್ದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, “ಅಮ್ಮ ನನಗೂ ಹೇಳಿ ಹೋಗಿದ್ರು ರೀ. ‘ಗಂಡಸ್ರು ಹಾಕಿದ್ರೂ ಹಾಕ್ದಂಗೇ ಕಣೇ, ಮಧ್ಯಾಹ್ನ ನೀನೊಂದು ಕೈ ಹಾಕು. ನಿಮ್ಮ ಯಜಮಾನ್ರಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾರೆ’ ಅಂದ್ರು” ಎಂದಳು.

ನಾನು ಬೇಜಾರು ಮಾಡಿಕೊಳ್ಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗೋಡೆಯ ಮೇಲೆ, ತಳಕ್ಕೆ ತೂತು ಕೊರೆದ ಒಂದು ಎಣ್ಣೆ ಡಬ್ಬ ಕಾಣಿಸಿಕೊಂಡಿತು. ಒಂದು ಕೋಲಿನ ತುದಿಗೆ ಕಟ್ಟಿದ್ದ ಆ ಡಬ್ಬ ನಿಧಾನವಾಗಿ ನಮ್ಮ ಕಡೆಗೆ ಬಂದು, ಯಜಮಾನರ ನೆತ್ತಿಯ ಮೇಲೆ ಸರಿಯಾಗಿ ನಿಂತು, ಹದವಾಗಿ ಮಳೆ ಸುರಿಸಿತು. ಬಹಳ ದಿನದ ಅಭ್ಯಾಸವಿದ್ದ ಕೈ ಎಂದು ನೋಡಿದರೇ ಗೊತ್ತಾಗುತ್ತಿತ್ತು.

“ಸಾಬರೇ!” ಎಂದೆ.

ಡಬ್ಬ ಅಲ್ಲೇ ನಿಂತಿತು. ಅದರ ಹಿಂದೆ ರಹಮತ್ ಸಾಬರ ಬಿಳಿ ಟೋಪಿ, ಆಮೇಲೆ ಮುಖ ಮೇಲೆ ಬಂತು. ಅವರು ಸ್ಟೂಲಿನ ಮೇಲೆ ನಿಂತಿದ್ದರು. “ಅರೇ ಸಾರ್, ಇಷ್ಟು ಬೇಗ ಬಂದ್ಬುಟ್ರಾ? ದಿನಾ ಸಂಜೆ ಹಾಕ್ತಿದ್ದೆ, ನೀವಿಬ್ರೂ ವಾಕಿಂಗ್ ಹೋದಾಗ. ಇವತ್ತು ಶುಕ್ರವಾರ, ನಮಾಜ್ ಮುಗಿಸ್ಕೊಂಡು ಬಂದೋನು ಈಗ್ಲೇ ಹಾಕ್ಬುಡೋಣ ಅಂತ...” ಎಂದವರು ದನಿ ತಗ್ಗಿಸಿದರು. “ಅಮ್ಮಾರು ಹೇಳಿದ್ರು ಸಾರ್. ‘ಅವರಿಬ್ರೂ ಚಿಕ್ಕೋರು, ಮರ್ತುಬುಡ್ತಾರೆ. ನೀನು ದೋಸ್ತು, ನೋಡ್ಕೋ’ ಅಂತ. ಯಾರಿಗೂ ಹೇಳ್ಬೇಡ ಅಂದಿದ್ರು. ಈಗ ಹೇಳ್ಬುಟ್ಟೆ.”

ಸಾಬರು ಗೇಟಿನಿಂದ ಸುತ್ತಿ ಬಂದ ಮೇಲೆ ಮೂವರೂ ಕುಂಡದೊಳಗೆ ಇಣುಕಿ ನೋಡಿದೆವು. ಊರಿಗೆಲ್ಲ ನೀರಿಲ್ಲದ ಕಾಲದಲ್ಲಿ ಯಜಮಾನರ ಬುಡದಲ್ಲಿ ಕೆರೆಯಾಗಿತ್ತು. ಸೊಳ್ಳೆಗಳು ಸಂಸಾರ ಹೂಡಿದ್ದವು.

“ಇಷ್ಟು ನೀರು ಕೆಳಕ್ಕೆ ಯಾಕೆ ಹೋಗಿಲ್ಲ?” ಎಂದು ಸಾಬರು ಬಗ್ಗಿ ಕುಂಡದ ತಳ ಹುಡುಕಿದರು. “ಸಾರ್, ಇದಕ್ಕೆ ಯಾರೋ ಸಿಮೆಂಟ್ ಹಾಕ್ಬುಟ್ಟವ್ರೆ!”

ಸರೋಜ ನನ್ನ ಮುಖ ನೋಡಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಆಮೇಲೆ ಮಾಡಿದ್ದೆಲ್ಲ ಗಾಬರಿಯ ಕೆಲಸ. ಬೇರೆ ಕುಂಡಗಳ ಜೇಡಿಮಣ್ಣು ಕೆರೆದು ತೆಗೆದೆವು, ಯಜಮಾನರ ಕುಂಡವನ್ನು ಸುತ್ತಿಗೆಯಿಂದ ಒಡೆದೆವು. ಬೇರು ಕಪ್ಪಗಾಗಿ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಸಾಬರು ಬತ್ತಿದ ಕೆರೆಯಂಗಳದಿಂದ ಸೈಕಲ್ಲಿನಲ್ಲಿ ಒಣ ಮಣ್ಣು ತಂದರು. ಕೊಳೆತ ಬೇರು, ಒಣಗಿದ ಕೊಂಬೆ ಎಲ್ಲವನ್ನೂ ಕತ್ತರಿಸುತ್ತಾ ಹೋದೆವು. ಎಲ್ಲಿ ನಿಲ್ಲಿಸಬೇಕೆಂದು ಮೂವರಿಗೂ ಗೊತ್ತಿರಲಿಲ್ಲ. ಕೊನೆಗೆ ಹೊಸ ಕುಂಡದಲ್ಲಿ ಉಳಿದದ್ದು ಗೇಣುದ್ದದ ಒಂದು ಕಡ್ಡಿ. ಇನ್ನು ಯಾರೂ ಒಂದು ಹನಿಯನ್ನೂ ಹಾಕಕೂಡದು ಎಂದು ಒಪ್ಪಂದವಾಯಿತು. ಆದರೆ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇರಲಿಲ್ಲ. ಆದ್ದರಿಂದ ಬಿಡುವಾದಾಗಲೆಲ್ಲ ಮೂವರೂ ಅಲ್ಲೇ ಕೂರತೊಡಗಿದೆವು. ಒಬ್ಬರು ಛತ್ರಿ ಹಿಡಿಯುವುದು, ಇಬ್ಬರು ಒಬ್ಬರನ್ನೊಬ್ಬರು ನೋಡುವುದು.

ಹಾಗೆ ಕೂತಿದ್ದ ಒಂದು ಸಂಜೆ ಗೇಟು ಸದ್ದಾಯಿತು. ಪಾರ್ವತಮ್ಮನವರು, ಕುಣಿಗಲ್ ಬಸ್ಸಿನ ಧೂಳಿನ ಸಮೇತ. ಮಗಳಿಗೆ ಹೆಣ್ಣು ಮಗುವಾಗಿ, ಎಲ್ಲ ಸುಸೂತ್ರವಾಗಿ, ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಿದ್ದರು. “ಯಜಮಾನ್ರಿಗೆ ಮೊಮ್ಮಗಳ ಸುದ್ದಿ ಹೇಳೋಣ ಅಂತ ಬಂದೆ” ಎನ್ನುತ್ತಾ ಅಂಗಳಕ್ಕೆ ಕಾಲಿಟ್ಟವರು, ಕಪ್ಪು ಛತ್ರಿಯ ಕೆಳಗೆ ತಲೆ ತಗ್ಗಿಸಿ ಕೂತ ನಮ್ಮನ್ನೂ ನಡುವೆ ನಿಂತ ಕಡ್ಡಿಯನ್ನೂ ನೋಡಿ ನಿಂತರು. ಕೈಯ ಚೀಲ ಕೆಳಗಿಟ್ಟರು.

“ಯಾವಾಗಿನಿಂದ ಹಿಂಗವ್ರೆ?” ಎಂದು ಕೇಳಿದರು.

ನಾನು ಹೇಳಿದೆ. ಸರೋಜ ಹೇಳಿದಳು. ಸಾಬರು ಗೋಡೆ, ಸ್ಟೂಲು, ಡಬ್ಬ ಎಲ್ಲವನ್ನೂ ಹೇಳಿದರು. ಸಿಮೆಂಟಿನ ವಿಷಯವನ್ನು ನಾನು ಬಿಟ್ಟಿದ್ದೆ, ಸರೋಜ ಸೇರಿಸಿದಳು. ಪಾರ್ವತಮ್ಮನವರು ಕುಂಡದ ಪಕ್ಕ ನೆಲದ ಮೇಲೇ ಕೂತರು. ಕಡ್ಡಿಯನ್ನು ಒಂದು ಬೆರಳಿನಿಂದ ಮುಟ್ಟಿದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಮನೆ ಖಾಲಿ ಮಾಡಿ ಎಂದರೆ ಗುಬ್ಬಿಯ ಅತ್ತೆಯವರ ಮನೆಯಿಂದ ಆಫೀಸಿಗೆ ಬರಲು ಎಷ್ಟು ಹೊತ್ತಿಗೆ ಬಸ್ಸು ಎಂದೂ ಯೋಚಿಸಿದ್ದೆ.

“ಇವ್ರು ಹಿಂಗೇ” ಎಂದರು ಪಾರ್ವತಮ್ಮನವರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಯಾರು ಏನು ಕೊಟ್ರೂ ಬೇಡ ಅನ್ನೋರಲ್ಲ. ಬೆಳಗ್ಗೆ ಪೇಟೆಗೆ ಹೋದ್ರೆ ಹತ್ತು ಮನೇಲಿ ಕಾಫಿ ಕುಡ್ಕೊಂಡು ಬಂದು, ನನ್ನತ್ರ ಹೊಟ್ಟೆ ನೋವು ಅನ್ನೋರು.” ಆಮೇಲೆ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. “ಮೂರು ಜನಕ್ಕೆ ಹೇಳಿದ್ರೆ ಒಬ್ರಾದ್ರೂ ಹಾಕ್ತೀರ ಅಂತ ಹೇಳಿದ್ದು ಕಣ್ರಪ್ಪ. ಮೂರು ಜನಾನೂ ಒಳ್ಳೇವ್ರು ಅಂತ ನನಗೇನು ಗೊತ್ತಿತ್ತು?”

ಇದಕ್ಕೆ ಕ್ಷಮೆ ಕೇಳಬೇಕೋ ಧನ್ಯವಾದ ಹೇಳಬೇಕೋ ತಿಳಿಯದೆ ನಾನು ಛತ್ರಿ ಮಡಚಿದೆ. ಅವರು ಕಡ್ಡಿಯ ಕಡೆ ಬಾಗಿ ಮೊಮ್ಮಗಳ ಸುದ್ದಿಯನ್ನು ಹೇಳತೊಡಗಿದರು. ಮೂಗು ಯಾರದ್ದು, ಕಣ್ಣು ಯಾರದ್ದು ಎಂಬಲ್ಲಿಗೆ ಬಂದಾಗ ಸಾಬರು ಮೆಲ್ಲನೆ ಎದ್ದರು. ನಾವೂ ಒಳಗೆ ಹೋದೆವು.

ಮೊದಲ ಮಳೆ ಬಿದ್ದ ಮೇಲೆ ಕಡ್ಡಿಯ ಪಕ್ಕೆಯಲ್ಲಿ ಅಕ್ಕಿ ಕಾಳಿನಷ್ಟು ಕೆಂಪು ಚಿಗುರು ಕಾಣಿಸಿತು. ಪಾರ್ವತಮ್ಮನವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಸಾಬರು ತಾವು ತಂದ ಕೆರೆ ಮಣ್ಣಿನ ಗುಣ ಎಂದರು. ಸರೋಜ ತಾನು ಹೊತ್ತ ಹರಕೆ ಎಂದಳು. ಭತ್ತದ ಕರಪತ್ರ ಓದಿದ್ದವನು ನಾನೊಬ್ಬನೇ ಆದ್ದರಿಂದ ನನಗೆ ನನ್ನದೇ ಅಭಿಪ್ರಾಯವಿತ್ತು, ಆದರೆ ಯಾರೂ ಕೇಳಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಪಾರ್ವತಮ್ಮನವರು ಮತ್ತೆ ಮೊಮ್ಮಗಳನ್ನು ನೋಡಲು ಹೊರಟರು. ಯಜಮಾನರ ಜವಾಬ್ದಾರಿಯನ್ನು ಈ ಸಲ ಎಲ್ಲರೆದುರಿಗೇ ಸರೋಜಳೊಬ್ಬಳಿಗೇ ಒಪ್ಪಿಸಿದರು. ಸಾಬರಿಗೆ ನೆರಳಿನ ಖಾತೆ. ನನ್ನ ಮುಖ ಸಣ್ಣಗಾದದ್ದನ್ನು ಕಂಡಿರಬೇಕು, ಒಳಗಿನಿಂದ ಒಂದು ಚಿಕ್ಕ ಕುಂಡ ತಂದು ನನ್ನ ಕೈಗಿಟ್ಟರು. ಪಾಪಾಸುಕಳ್ಳಿ. “ಇದು ನಿನಗೆ ನಾಗರಾಜಪ್ಪ. ಇದಕ್ಕೆ ನೀರೇ ಬೇಡ, ನೀನು ನೋಡ್ಕೊಂಡಿದ್ರೆ ಸಾಕು” ಎಂದರು. ಈಗಲೂ ಅದು ನನ್ನ ಕಿಟಕಿಯಲ್ಲಿದೆ, ಪೊಗದಸ್ತಾಗಿ ಬೆಳೆದಿದೆ. ಬಂದವರು ಮೆಚ್ಚಿ, ಇಷ್ಟು ಚೆನ್ನಾಗಿ ಹೇಗೆ ಬೆಳೆಸಿದಿರಿ ಎಂದು ಕೇಳುತ್ತಾರೆ. ನಾನು ಹುಬ್ಬು ಗಂಟಿಕ್ಕಿ, ಅದಕ್ಕೆ ಬೇಕಾದ ಆರೈಕೆಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತೇನೆ.